ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ: ಇಲ್ಲಿಯ ಯುದ್ಧದ ಮಾತು ನಿಮಗೂ ಸೇರಿದ್ದು

ಸೋಷಿಯಲ್ ಸೆಕ್ಯುರಿಟಿ ನಂಬರ್, ಡ್ರೈವಿಂಗ್ ಲೈಸೆನ್ಸ್, ಬ್ಯಾಂಕ್ ಖಾತೆ ಇವನ್ನೆಲ್ಲ ಬಂದ ಕೂಡಲೇ ಮುಗಿಸಿಕೊಳ್ಳಿ. ಆಫೀಸಿನವರೇ ದಾರಿ ತೋರಿಸುತ್ತಾರೆ. ಯಾರೂ ಹೇಳಿಕೊಡದ ವಿಷಯ ಇನ್ನೊಂದಿದೆ. ಬೇರೆ ದೇಶದ ಜಗಳಕ್ಕೆ ಅಮೆರಿಕ ಕೈ ಹಾಕಬೇಕೋ, ತನ್ನ ಪಾಡಿಗೆ ತಾನಿರಬೇಕೋ ಎನ್ನುವ ಚರ್ಚೆ. ನಮ್ಮವರು ಜಾಸ್ತಿ ಜನ ಇದನ್ನು ಟಿವಿಯವರ ಗಲಾಟೆ ಎಂದುಕೊಂಡು ಪಕ್ಕಕ್ಕಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನಾವಿರುವುದು ಓಹಾಯೋದ ಡೇಟನ್ ಹತ್ತಿರ. ಬೋಸ್ನಿಯಾ ಯುದ್ಧ ನಿಲ್ಲಿಸಿದ 1995ರ ಮಾತುಕತೆ ನಡೆದದ್ದು ಇಲ್ಲಿಯ ರೈಟ್-ಪ್ಯಾಟರ್ಸನ್ ವಾಯುನೆಲೆಯಲ್ಲಿ. 2025ರ ಮೇ ತಿಂಗಳಲ್ಲಿ ಅಮೆರಿಕ, ಯುರೋಪ್ ದೇಶಗಳ ಸೇನಾ ಮೈತ್ರಿಕೂಟವಾದ ನೇಟೋದ ಸಂಸದರು ಸಭೆ ಸೇರಿದ್ದೂ ಇದೇ ಊರಲ್ಲಿ. ಆದರೆ 1949ರಲ್ಲಿ ನೇಟೋ ಒಪ್ಪಂದವೇ ಬೇಡ ಎಂದು ಮತ ಹಾಕಿದ ಸೆನೆಟರ್ ರಾಬರ್ಟ್ ಟ್ಯಾಫ್ಟ್ ಕೂಡ ಓಹಾಯೋದವರೇ. ಆ ಎರಡೂ ಮಾತು ಇಂದಿಗೂ ಇಲ್ಲಿ ಒಂದೇ ಬೀದಿಯಲ್ಲಿ ಕೇಳುತ್ತವೆ. ರಿಪಬ್ಲಿಕನ್ ಅಂದರೆ ಯುದ್ಧದ ಪರ, ಡೆಮಾಕ್ರಾಟ್ ಅಂದರೆ ವಿರೋಧ ಎಂಬ ಲೆಕ್ಕ ಹಿಡಿದು ಹೋದರೆ ಏನೂ ಅರ್ಥವಾಗುವುದಿಲ್ಲ. ಯಾರ ಮನೆಯವರು ಯಾವ ಯುದ್ಧಕ್ಕೆ ಹೋಗಿದ್ದರು ಎಂದು ತಿಳಿದುಕೊಂಡರೆ ಎಷ್ಟೋ ಅರ್ಥವಾಗುತ್ತದೆ.

ನಮ್ಮ ಪಕ್ಕದ ಮನೆಯ ಹಿರಿಯರ ಬಳಿ ಒಂದು ಉದ್ದನೆಯ ಕಾಗದದ ಚೂರಿದೆ. ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಪ್ಪು ಕಲ್ಲಿನ ಗೋಡೆ ಇದೆಯಲ್ಲ, ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತಂದದ್ದು. ಬೂದು ಬಣ್ಣದ ನಡುವೆ ಅವರ ಅಣ್ಣನ ಹೆಸರು ಬೆಳ್ಳಗೆ ಮೂಡಿದೆ. ಆ ಗೋಡೆಯಲ್ಲಿ 58,000ಕ್ಕೂ ಹೆಚ್ಚು ಹೆಸರುಗಳಿವೆ. ಅಕ್ಷರದ ಸಾಲಿನಲ್ಲಲ್ಲ, ಪ್ರಾಣ ಹೋದ ದಿನದ ಸಾಲಿನಲ್ಲಿ. ಜೊತೆಗೆ ಸತ್ತವರ ಹೆಸರು ಜೊತೆಗೇ ಇರುತ್ತದೆ. ಅಂಥವರು ‘ನಮಗೆ ಹೊರಗಿನ ಉಸಾಬರಿ ಬೇಡ’ ಎಂದರೆ ಅದನ್ನು ಸ್ವಾರ್ಥ ಎಂದು ಕರೆಯಲು ನನಗಂತೂ ಬಾಯಿ ಬರುವುದಿಲ್ಲ.

ಆ ಮಾತಿಗೆ ಇಲ್ಲಿ ತುಂಬಾ ಹಳೆಯ ಬೇರು. ಯಾವ ದೇಶದ ಜೊತೆಗೂ ಕಾಯಂ ಮೈತ್ರಿ ಬೇಡ ಎಂದು ಜಾರ್ಜ್ ವಾಷಿಂಗ್ಟನ್ 1796ರಲ್ಲೇ ಹೇಳಿದ್ದರು. ನೆಹರು ಕಾಲದ ಅಲಿಪ್ತ ನೀತಿ ಶಾಲೆಯಲ್ಲಿ ಓದಿ ಬಂದ ನಮಗೆ ಇದು ಹೊಸದಲ್ಲ, ಅಲ್ವಾ? ಅಧ್ಯಕ್ಷ ವಿಲ್ಸನ್ 1916ರ ಚುನಾವಣೆ ಗೆದ್ದದ್ದು ದೇಶವನ್ನು ಯುದ್ಧದಿಂದ ದೂರ ಇಟ್ಟವರು ಎಂಬ ಪ್ರಚಾರದ ಮೇಲೆ. ಮರುವರ್ಷ ಏಪ್ರಿಲ್‌ನಲ್ಲಿ ಅವರೇ ದೇಶವನ್ನು ಮೊದಲ ಮಹಾಯುದ್ಧಕ್ಕೆ ಇಳಿಸಿದರು. ಅದರ ಕಹಿ ಇಪ್ಪತ್ತು ವರ್ಷ ಇಳಿಯಲಿಲ್ಲ. ಹಿಟ್ಲರ್ ಯುರೋಪನ್ನು ನುಂಗುತ್ತಿದ್ದಾಗಲೂ, ಯುದ್ಧಕ್ಕೆ ಇಳಿಯುವುದು ಬೇಡ ಎಂದು 1940ರಲ್ಲಿ ಶುರುವಾದ ಅಮೆರಿಕ ಫಸ್ಟ್ ಕಮಿಟಿಗೆ ಸುಮಾರು 8 ಲಕ್ಷ ಜನ ಸೇರಿದ್ದರು. 1941ರ ಡಿಸೆಂಬರ್ 7ರಂದು ಇಲ್ಲಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನಿನ ಬಾಂಬ್ ಬಿತ್ತು. ಕೆಲವೇ ದಿನಗಳಲ್ಲಿ ಕಮಿಟಿ ಬಾಗಿಲು ಮುಚ್ಚಿತು.

ಇಲ್ಲೊಂದು ಕಡೆ ನೀವು ಕಿವಿ ಚುರುಕಾಗಿಟ್ಟುಕೊಳ್ಳಬೇಕು. ಆ ಕಮಿಟಿಯ ದೊಡ್ಡ ಭಾಷಣಕಾರ, ಪೈಲಟ್ ಚಾರ್ಲ್ಸ್ ಲಿಂಡ್‌ಬರ್ಗ್, 1941ರ ಸೆಪ್ಟೆಂಬರ್‌ನಲ್ಲಿ ಅಯೋವಾದಲ್ಲಿ ನಿಂತು, ದೇಶವನ್ನು ಯುದ್ಧಕ್ಕೆ ತಳ್ಳುತ್ತಿರುವವರಲ್ಲಿ ಯಹೂದಿಗಳೂ ಸೇರಿದ್ದಾರೆ ಎಂದರು. ಹೊರಗಿನ ಜಗಳ ಬೇಡ ಎಂದು ಶುರುವಾದ ಮಾತು ಹೊರಗಿನವರೇ ಬೇಡ ಎಂಬಲ್ಲಿಗೆ ಬಂದು ನಿಂತಿತು. ನಮಗೆ ಇದು ನೇರವಾಗಿ ತಟ್ಟುತ್ತದೆ. 1917ರ ಕಾನೂನು ಭಾರತವೂ ಸೇರಿ ಏಷ್ಯಾದ ಬಹುಭಾಗದ ಜನ ಇಲ್ಲಿ ಬಂದು ನೆಲೆಸದಂತೆ ತಡೆಯಿತು. 1924ರ ಕಾನೂನು ಅದನ್ನು ಇನ್ನೂ ಬಿಗಿ ಮಾಡಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಭಾರತಕ್ಕೆ ಸಿಕ್ಕದ್ದು ವರ್ಷಕ್ಕೆ 100 ಜನರ ಕೋಟಾ. 1965ರ ಕಾನೂನು ಬಂದ ಮೇಲೆ ತಾನೇ ನಮ್ಮ ಡಾಕ್ಟರು, ಎಂಜಿನಿಯರುಗಳು ಸಾಲು ಸಾಲಾಗಿ ಬಂದದ್ದು. ಹಾಗಾಗಿ ಯಾರಾದರೂ ಸೈನ್ಯ ವಾಪಸ್ ಕರೆಸಿ ಎಂದಾಗ ನಾನು ತಲೆಯಾಡಿಸುತ್ತೇನೆ. ಅದರ ಬೆನ್ನಿಗೇ ಇಮಿಗ್ರೆಂಟ್‌ಗಳ ಮಾತು ಬಂದರೆ ಅಲ್ಲೇ ಬಾಯಿಬಿಟ್ಟು ಉತ್ತರ ಕೊಡುತ್ತೇನೆ. ನೀವೂ ಕೊಡಿ, ಗೌರವದಿಂದಲೇ ಕೊಡಿ.

ಕೈ ಹಾಕಲೇಬೇಕು ಎನ್ನುವ ಇನ್ನೊಂದು ಕಡೆಯವರನ್ನೂ ಪೂರ್ತಿ ನಂಬಬೇಡಿ. 1971ರ ಬಾಂಗ್ಲಾ ಯುದ್ಧದ ವೇಳೆ ಅಮೆರಿಕದ ಎಂಟರ್‌ಪ್ರೈಸ್ ಯುದ್ಧನೌಕೆ ಭಾರತವನ್ನು ಬೆದರಿಸಲು ಬಂಗಾಳ ಕೊಲ್ಲಿಗೆ ಬಂದದ್ದನ್ನು ನಮ್ಮ ಅಪ್ಪಂದಿರು ಮರೆತಿಲ್ಲ. 2003ರಲ್ಲಿ ಇರಾಕಿಗೆ ನುಗ್ಗಿದಾಗ ಹೇಳಿದ ವಿಷಾನಿಲ, ಜೈವಿಕ ಅಸ್ತ್ರಗಳ ದಾಸ್ತಾನು ಅಲ್ಲಿ ಸಿಗಲೇ ಇಲ್ಲ.

ಆದರೆ ಬಾಂಬನ್ನೂ ಅನ್ನವನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ. ಕರ್ನಾಟಕದ ಸರ್ಕಾರಿ ಶಾಲೆಯಲ್ಲಿ ಓದಿದ ನನ್ನ ವಯಸ್ಸಿನವರಿಗೆ ಕೇರ್ ಸಂಸ್ಥೆಯ ಗೋಧಿ ಉಪ್ಪಿಟ್ಟು ನೆನಪಿರಬೇಕು. ದೊಡ್ಡ ಪಾತ್ರೆಯಿಂದ ಬಿಸಿಬಿಸಿ ಬಡಿಸುತ್ತಿದ್ದರು. ಹಾಲಿನ ಪುಡಿಯನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕುತ್ತಿದ್ದೆವು, ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಅದೂ ಅಮೆರಿಕದಿಂದ ಬಂದದ್ದೇ. ಹೊರದೇಶಕ್ಕೆ ಕೊಡುವ ನೆರವು ಇಲ್ಲಿಯ ಕೇಂದ್ರ ಸರ್ಕಾರದ ಬಜೆಟ್‌ನಲ್ಲಿ ಬಹುಕಾಲ ನೂರಕ್ಕೆ ಒಂದು ಪಾಲಿನ ಆಸುಪಾಸು ಮಾತ್ರ ಇತ್ತು. ಅದನ್ನೂ ದಂಡ ಎನ್ನುವವರಿಗೆ ಆ ಉಪ್ಪಿಟ್ಟಿನ ವಿಷಯ ಹೇಳಿ. ತಿಂದವರ ಬಾಯಿಂದ ಕೇಳುವುದು ಅವರಿಗೂ ಹೊಸದು.

ಮಾತು ಶುರು ಮಾಡುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ಕೊರಿಯಾ ಯುದ್ಧಕ್ಕೆ ಹೋಗಿದ್ದವರ ಮನೆಯವರು ಸಿಕ್ಕರೆ ನಮ್ಮ ಕೊಡಗಿನ ತಿಮ್ಮಯ್ಯನವರ ಬಗ್ಗೆ ಹೇಳಿ. 1953ರಲ್ಲಿ ಕದನ ನಿಂತ ಮೇಲೆ, ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಕಷ್ಟದ ಕೆಲಸ ನೋಡಿಕೊಂಡ ತಟಸ್ಥ ದೇಶಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ದೂರ ನಿಲ್ಲುವುದು, ನುಗ್ಗುವುದು ಎರಡೂ ಅಲ್ಲದ ಇನ್ನೊಂದು ದಾರಿ ಅದು.

ಮಕ್ಕಳ ವಿಷಯ ಬಂದಾಗ ನನಗೆ ಜೀವ ಹಿಡಿಯಾಗುತ್ತದೆ. ಬೆಂಗಳೂರಿನ ನಮ್ಮಂಥ ಮನೆಗಳಲ್ಲಿ ಸೈನ್ಯಕ್ಕೆ ಹೋದವರೇ ಕಡಿಮೆ. ಇಲ್ಲಿ ಹೈಸ್ಕೂಲಿಗೇ ಸೇನೆಯವರು ಬಂದು ಮಕ್ಕಳ ಜೊತೆ ಮಾತಾಡುತ್ತಾರೆ. ಮಗುವಿನ ಹೆಸರು, ಫೋನ್ ನಂಬರ್ ಅವರಿಗೆ ಕೊಡಬೇಡಿ ಎಂದು ಶಾಲೆಗೆ ಬರೆದುಕೊಡುವ ಹಕ್ಕು ನಿಮಗಿದೆ. ಗ್ರೀನ್ ಕಾರ್ಡ್ ಇರುವ ಗಂಡುಮಕ್ಕಳ ಹೆಸರು 18 ತುಂಬಿದ ಮೇಲೆ ಸೆಲೆಕ್ಟಿವ್ ಸರ್ವಿಸ್, ಅಂದರೆ ಕಡ್ಡಾಯ ಸೇನಾ ಭರ್ತಿ ಬಂದರೆ ಕರೆಯಲು ಇಟ್ಟಿರುವ ಪಟ್ಟಿಯಲ್ಲಿ ಇರಬೇಕು. ಇಲ್ಲದಿದ್ದರೆ ಮುಂದೆ ಸಿಟಿಜನ್‌ಶಿಪ್‌ಗೆ ತೊಡಕಾಗಬಹುದು. ಡೇಟನ್‌ಗೆ ಬಂದರೆ ವಾಯುಸೇನೆ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಟಿಕೆಟ್ ಇಲ್ಲ. ನಾಗಸಾಕಿ ಮೇಲೆ ಬಾಂಬ್ ಹಾಕಿದ ಬಾಕ್ಸ್‌ಕಾರ್ ವಿಮಾನ ಅಲ್ಲೇ ಇದೆ. ಅದರ ಕೆಳಗೆ ನಿಂತು ನನ್ನ ಮಗಳು ‘ಇದನ್ನು ನಾವು ಹಾಕಿದ್ದಾ?’ ಎಂದು ಕೇಳಿದಳು. ಅವಳ ಆ ‘ನಾವು’ ನನ್ನ ಬಾಯಲ್ಲಿ ಇನ್ನೂ ಸಲೀಸಾಗಿ ಬರುವುದಿಲ್ಲ. ಅವಳಿಗೆ ಅದು ಹುಟ್ಟಿನಿಂದ ಬಂದದ್ದು. ಭಾರತದ ಗಡಿಯಲ್ಲಿ ಏನಾದರೂ ಆದರೆ ನಮಗೆ ನಿದ್ದೆ ಬಾರದು, ಅವಳಿಗೆ ಅದು ದೂರದ ಸುದ್ದಿ. ಈ ನಷ್ಟಕ್ಕೆ ಪರಿಹಾರ ನನಗೆ ಸಿಕ್ಕಿಲ್ಲ.

ಸಿಟಿಜನ್ ಆಗುವಾಗ, ಕಾನೂನು ಕೇಳಿದರೆ ದೇಶಕ್ಕಾಗಿ ಆಯುಧ ಹಿಡಿಯುತ್ತೇನೆ ಎಂದು ಕೈಯೆತ್ತಿ ಪ್ರಮಾಣ ಮಾಡಬೇಕು. ಓದಿ, ಯೋಚಿಸಿ, ಆಮೇಲೆ ಮಾಡಿ. ಧರ್ಮದ ನಂಬಿಕೆ ಅಡ್ಡಬಂದರೆ ಆ ಮಾತು ಬಿಡಲು ಕೇಳಿಕೊಳ್ಳಬಹುದು.

ಯುದ್ಧದ ಬಗ್ಗೆ ನಿಮ್ಮ ಮಾತು ಹೇಳಲು ಅಲ್ಲಿಯವರೆಗೂ ಕಾಯಬೇಕಾಗಿಲ್ಲ. ಸಂವಿಧಾನದ ಪ್ರಕಾರ ಯುದ್ಧ ಸಾರುವ ಅಧಿಕಾರ ಇಲ್ಲಿಯ ಸಂಸತ್ತಾದ ಕಾಂಗ್ರೆಸ್ಸಿನದು. ಅದು ಕೊನೆಯ ಸಲ ಯುದ್ಧ ಘೋಷಿಸಿದ್ದು 1942ರಲ್ಲಿ. ಆಮೇಲಿನ ಕೊರಿಯಾ, ವಿಯೆಟ್ನಾಂ, ಇರಾಕ್ ಯಾವುದಕ್ಕೂ ಘೋಷಣೆಯೇ ಇಲ್ಲ. ನಿಮ್ಮ ಕ್ಷೇತ್ರದ ಪ್ರತಿನಿಧಿಯ ಆಫೀಸಿಗೆ ಫೋನ್ ಮಾಡಿ, ಯುದ್ಧಕ್ಕೆ ಹೋಗುವ ಮೊದಲು ಅದನ್ನು ಮತಕ್ಕೆ ಹಾಕಿಸಿ ಎಂದು ಹೇಳಿ. ಫೋನ್ ಎತ್ತುವವರು ಸಾಮಾನ್ಯವಾಗಿ ಹೆಸರು, ಝಿಪ್ ಕೋಡ್ ಕೇಳಿ ಬರೆದುಕೊಳ್ಳುತ್ತಾರೆ. ಇನ್ನೂ ವೀಸಾದಲ್ಲೇ ಇದ್ದರೂ ನೀವು ಆ ಕ್ಷೇತ್ರದಲ್ಲಿ ವಾಸ ಮಾಡುವವರು, ಅಲ್ಲಿ ತೆರಿಗೆ ಕಟ್ಟುವವರು. ಅಷ್ಟು ಹೇಳಿದರೆ ಸಾಕು.