ಪ್ರಶ್ನೆ ಕೇಳಿ 5 ಎಣಿಸಿ

ಕೋಲಾರ ಜಿಲ್ಲೆಯ ಮುಳಬಾಗಿಲು, ಶ್ರೀನಿವಾಸಪುರ ಕಡೆ ಮನೆಮಾತು ತೆಲುಗಾದ ಮಗು ತರಗತಿಯಲ್ಲಿ ಸುಮ್ಮನಿದ್ದರೆ ಪಾಠ ಅರ್ಥವಾಗಿಲ್ಲ ಅಂತಲೇ ತೀರ್ಮಾನಿಸಬೇಡಿ. ಉತ್ತರ ತೆಲುಗಲ್ಲಿ ಹೊಳೆದು ಕನ್ನಡಕ್ಕೆ ಬರೋಕೆ ಹೊತ್ತು ಬೇಕು. ನಾವು ಶಿಕ್ಷಕರೋ ಒಂದೇ ಸೆಕೆಂಡಿಗೆ ಮುಂದಿನ ಸಾಲಿನವನ ಕಡೆ ತಿರುಗಿಬಿಡ್ತೀವಿ. ಪ್ರಶ್ನೆ ಕೇಳಿ ಮನಸ್ಸಲ್ಲೇ 5ರವರೆಗೆ ಎಣಿಸಿ. ಆಮೇಲೆ ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಲಿ, ತೆಲುಗಾದರೂ ಸರಿ. ಮಗು ತೆಲುಗಲ್ಲಿ ‘ನೀಳ್ಳು’ ಅಂತ ಹೇಳಿದರೆ ತಪ್ಪು ಅನ್ನಬೇಡಿ. ‘ಹೌದು, ನೀರು’ ಅನ್ನಿ, ಸಾಕು.

ಕ್ಲಸ್ಟರ್ ಸಭೆಯಲ್ಲಿ (ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಸಭೆ) ಇದನ್ನು ಬರೀ ಚರ್ಚೆ ಮಾಡಿದರೆ ಏನೂ ಬದಲಾಗಲ್ಲ. ಸಹೋದ್ಯೋಗಿಯೊಬ್ಬರನ್ನು 20 ನಿಮಿಷ ನಿಮ್ಮ ತರಗತಿಯ ಹಿಂಬದಿಯಲ್ಲಿ ಕೂರಿಸಿ, ಮಕ್ಕಳು ಕೂತ ಜಾಗದ ನಕ್ಷೆ ಕೊಟ್ಟು, ನೀವು ಯಾರನ್ನು ಕೇಳಿದಿರೋ ಅಲ್ಲಿ ಗೀಟು ಹಾಕಿಸಿ. ಗೀಟಿಲ್ಲದ ಮೂಲೆಯಿಂದ ನಾಳೆಯ ಪಾಠ ಶುರು ಮಾಡಿ. ದಿಢೀರಂತ ಹೆಸರು ಕೂಗಿ ಬೆಚ್ಚಿಬೀಳಿಸಬೇಡಿ ಮತ್ತೆ!