ಇಲಿ ಕಲಿತದ್ದೇನು, ನಾನು ಕಲಿಸಿದ್ದೇನು

ಇಪ್ಪತ್ತಾರು ವರ್ಷ ಮನಃಶಾಸ್ತ್ರ ಪಾಠ ಮಾಡಿದೆ. ಅದರಲ್ಲಿ ಜಾಸ್ತಿ ಸಮಯ ಹೋದದ್ದು ಇಲಿಗಳ ಜೊತೆ. ನೆಂಟರ ಮನೆಯ ಪೂಜೆಗೆ ಹೋದರೆ ಈಗಲೂ ಯಾರಾದರೂ ಕೇಳುತ್ತಾರೆ, "ಇಲಿಗೆ ಪಾಠ ಮಾಡ್ಲಿಕ್ಕೆ ಸಂಬಳ ಕೊಡ್ತಾರಾ?" ಕೊಡ್ತಾರೆ. ಸ್ವಲ್ಪ ತಡವಾಗಿ.

ಎಲ್ಲ ಶುರುವಾದದ್ದು ನಮ್ಮ ಅಡಿಕೆ ಅಟ್ಟದಲ್ಲಿ. ಕಾಸರಗೋಡಿನ ಪೆರ್ಲದ ಹತ್ತಿರ, ರಸ್ತೆಯಿಂದ ತುಂಬ ಒಳಗೆ ನಮ್ಮ ಮನೆ. ಅಟ್ಟದಲ್ಲಿ ಇಲಿ ಕಾಟ. ಅಪ್ಪ ಪೇಟೆಯಿಂದ ಕಪ್ಪು ಪುಡಿಯ ಪಾಷಾಣ ತಂದು, ಬೆಲ್ಲ ಅವಲಕ್ಕಿಗೆ ಕಲಸಿ ಇಡುತ್ತಿದ್ದರು. ಮೊದಲ ರಾತ್ರಿ ಎರಡು ಸತ್ತವು. ಆಮೇಲೆ ಒಂದೂ ಇಲ್ಲ. ಪಾಷಾಣ ಹಾಕದ ಬರೀ ಬೆಲ್ಲ ಅವಲಕ್ಕಿ ಇಟ್ಟರೂ ಮುಟ್ಟಲಿಲ್ಲ. ಆದರೆ ಅದೇ ಮೂಲೆಯಲ್ಲಿ, ಅದೇ ತೆಂಗಿನ ಗೆರಟೆಯಲ್ಲಿ ಕೊಬ್ಬರಿ ಇಟ್ಟರೆ ಬೆಳಗಾಗುವಾಗ ಖಾಲಿ. "ಅವಕ್ಕೆ ನಮ್ಮ ಮಾತು ಕೇಳ್ತದೆ, ಮೆಲ್ಲ ಮಾತಾಡು" ಅಂತ ಅಜ್ಜಿ.

ಪ್ರಿಡಿಗ್ರಿ ಕಾಸರಗೋಡಿನಲ್ಲಿ ಮುಗಿಸಿ ಮೈಸೂರಿಗೆ ಹೋದೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಇಂಗ್ಲಿಷ್ ಪುಸ್ತಕ ಕಬ್ಬಿಣದ ಕಡಲೆಯೇ. ಆದರೆ ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಗಾರ್ಸಿಯಾ ಅವರ 1966ರ ಪ್ರಯೋಗ ಓದಿದ ದಿನ ನಿದ್ದೆ ಬರಲಿಲ್ಲ. ಇಲಿಗಳಿಗೆ ಸಿಹಿ ನೀರು ಇಟ್ಟಿದ್ದಾರೆ, ನೆಕ್ಕುವಾಗ ಬೆಳಕೂ ಬರುತ್ತದೆ, ಶಬ್ದವೂ ಆಗುತ್ತದೆ. ಕೆಲವು ಇಲಿಗಳಿಗೆ ಹೊಟ್ಟೆ ಕೆಡುವ ಹಾಗೆ ಮಾಡಿದರು, ಕೆಲವಕ್ಕೆ ಕರೆಂಟಿನ ಶಾಕ್ ಕೊಟ್ಟರು. ಹೊಟ್ಟೆ ಕೆಟ್ಟವು ರುಚಿಯನ್ನು ಬಿಟ್ಟವು, ಶಾಕ್ ತಿಂದವು ಬೆಳಕು ಮತ್ತು ಶಬ್ದಕ್ಕೆ ಹೆದರಿದವು. ತಿಂದು ಎಷ್ಟೋ ಹೊತ್ತಾದ ಮೇಲೆ ಹೊಟ್ಟೆ ಕೆಟ್ಟರೂ ಇಲಿ ಬೈಯುವುದು ರುಚಿಯನ್ನೇ. ಇದನ್ನು ಆ ಕಾಲದ ದೊಡ್ಡ ಪತ್ರಿಕೆಗಳು ಸುಲಭದಲ್ಲಿ ಒಪ್ಪಲಿಲ್ಲ, ಗಾರ್ಸಿಯಾ ಅವರ ಲೇಖನಗಳು ವಾಪಸು ಬಂದವು. ನಮ್ಮ ಅಟ್ಟದ ಇಲಿಗಳು ಬೆಲ್ಲವನ್ನು ಬಿಟ್ಟವು, ಮೂಲೆಯನ್ನು ಬಿಡಲಿಲ್ಲ. ಇಲಿಗೆ ವಾಂತಿ ಮಾಡ್ಲಿಕ್ಕೆ ಆಗುವುದಿಲ್ಲ, ಹಾಗಾಗಿ ಹೊಸ ತಿಂಡಿಯನ್ನು ಚೂರೇ ಚೂರು ತಿಂದು ನೋಡುತ್ತದೆ. ಹೊಟ್ಟೆ ಕೆಟ್ಟು ಬದುಕಿದರೆ ಮುಗಿಯಿತು, ಮತ್ತೆ ಆ ರುಚಿ ಬೇಡ. (ಊರಿನವರಿಗೆ: ಮೊದಲು ಎರಡು ಮೂರು ದಿನ ಪಾಷಾಣ ಹಾಕದೆ ಬರೀ ತಿಂಡಿ ಇಟ್ಟು ಅಭ್ಯಾಸ ಮಾಡಿಸಿ, ಆಮೇಲೆ ಹಾಕಿ. ನಿಧಾನ ಕೊಲ್ಲುವ ಮೇಣದ ಬಿಲ್ಲೆ ಕೆಲಸ ಮಾಡುವುದೂ ಇದೇ ಕಾರಣಕ್ಕೆ, ದಿನಗಳೇ ಕಳೆದ ಮೇಲೆ ಯಾವುದರಿಂದ ಹೀಗಾಯ್ತು ಅಂತ ಇಲಿಗೆ ಗೊತ್ತಾಗುವುದಿಲ್ಲ.)

ಪಿಎಚ್‌ಡಿಗೆ ನಾನು ಹಿಡಿದದ್ದು ದಾರಿಯ ನೆನಪು. ರೇಡಿಯಲ್ ಮೇಜ್ ಅಂತ ಒಂದು ಉಂಟು, ಇಲಿ ದಾರಿ ಹುಡುಕುವ ಚಕ್ರವ್ಯೂಹದ ಹಾಗೆ, ನಡುವೆ ಒಂದು ಗುಂಡು ಹಲಗೆ, ಅದರಿಂದ ಎಂಟು ದಿಕ್ಕಿಗೆ ಎಂಟು ಪಟ್ಟಿ. ಓಲ್ಟನ್ ಮತ್ತು ಸ್ಯಾಮುಯೆಲ್ಸನ್ 1976ರಲ್ಲಿ ಇದರ ಬಗ್ಗೆ ಬರೆದರು. ನಮ್ಮ ಊರಿನ ಬಡಗಿಯಿಂದಲೇ ಒಂದು ಮಾಡಿಸಿಕೊಂಡೆ. ಎಂಟರಲ್ಲಿ ನಾಲ್ಕೇ ಪಟ್ಟಿಗಳ ತುದಿಯಲ್ಲಿ ನೆಲಗಡಲೆ ಚೂರು, ದಿನಾ ಅವೇ ನಾಲ್ಕರಲ್ಲಿ. ಇಲಿಗೆ ಹಸಿವಿರಬೇಕು, ಆದರೆ ಸೊರಗಬಾರದು, ಅದಕ್ಕೆ ದಿನಾ ತೂಗಿ ಮೊದಲಿನ ತೂಕದ ಶೇ. 85ರ ಹತ್ತಿರ ಇಡುತ್ತಿದ್ದೆ. ಪ್ರಯೋಗಕ್ಕೆ ಮೊದಲು ಒಂದು ವಾರ ಸುಮ್ನೆ ಕೈಯಲ್ಲಿ ಹಿಡಿದು ಕೂರುವುದು. ಈ ಕೆಲಸ ಯಾರೂ ಲೇಖನದಲ್ಲಿ ಒಂದು ಸಾಲಿಗಿಂತ ಜಾಸ್ತಿ ಬರೆಯುವುದಿಲ್ಲ, ಆದರೆ ಕೈಗೆ ಹೆದರುವ ಇಲಿ ಏನನ್ನೂ ಕಲಿಯುವುದಿಲ್ಲ.

ಐದು ವಾರದಲ್ಲಿ ಹನ್ನೆರಡು ಇಲಿಗಳೂ ಬಾಯಿಪಾಠ ಮಾಡಿದ ಹಾಗೆ ಓಡುತ್ತಿದ್ದವು. ಹಬ್ಬದ ರಜೆ ಮುಗಿಸಿ ಬಂದು ನೋಡುತ್ತೇನೆ, ಎಲ್ಲ ತಲೆಕೆಳಗು. ನಡುವಿನ ಹಲಗೆಯಲ್ಲಿ ನಿಂತು ಮೂಗು ಎತ್ತಿ ಆಚೆ ಈಚೆ ನೋಡುತ್ತವೆ, ಯಾವುದೋ ಪಟ್ಟಿಗೆ ಹೋಗಿ ಅರ್ಧದಲ್ಲಿ ತಿರುಗುತ್ತವೆ. ಮೂರು ದಿನ ನಾನು ಇಲಿಗಳನ್ನೇ ಬೈದೆ, ಕಾಯಿಲೆ ಅಂದುಕೊಂಡೆ, ತೂಕ ನೋಡಿದೆ, ಕಡಲೆ ಬದಲಿಸಿದೆ. ನಾಲ್ಕನೇ ದಿನ ಸಾಕಾಗಿ ಇಲಿಯ ಎತ್ತರಕ್ಕೆ ಬಗ್ಗಿ, ಹಲಗೆಗೆ ಗಲ್ಲ ಇಟ್ಟು ನೋಡಿದೆ. ಬಿಳಿ ಗೋಡೆ. ನಾಲ್ಕೂ ಕಡೆ ಬರೀ ಬಿಳಿ ಗೋಡೆ! ರಜೆಯಲ್ಲಿ ಕೋಣೆಗೆ ಸುಣ್ಣ ಹೊಡೆಸಿದ್ದರು. ಕ್ಯಾಲೆಂಡರ್ ಇಲ್ಲ, ನೀಲಿ ಪರದೆ ಇಲ್ಲ, ಹಳೇ ಕಪಾಟು ಹೊರಗಿನ ವರಾಂಡದಲ್ಲಿ. ನಾನು ದಾರಿ ಕಲಿಸಿದೆ ಅಂದುಕೊಂಡಿದ್ದೆ, ಅವು ಕಲಿತದ್ದು ಕೋಣೆಯನ್ನು. ಕಪಾಟನ್ನು ಇನ್ನಿಬ್ಬರ ಜೊತೆ ಸೇರಿ ತಳ್ಳಿಕೊಂಡು ಬಂದೆ, ಪರದೆ ಕಟ್ಟಿದೆ. ಎರಡೇ ದಿನದಲ್ಲಿ ಸರಿಹೋದವು. ನನ್ನ ಪ್ರಬಂಧದ ಅತಿ ಒಳ್ಳೆಯ ಅಧ್ಯಾಯ ಬರೆಸಿದವರು ಆ ಸುಣ್ಣದವರು ಅಂತ ಈಗಲೂ ಹೇಳುತ್ತೇನೆ.

ಆಮೇಲಿನದು ಮಾಮೂಲಿ ಕಥೆ. ಕೆಲಸ ಸಿಕ್ಕಿತು, ಲ್ಯಾಬ್ ಸಿಗಲಿಲ್ಲ. 1998ರ ನಿಯಮ ಬಂದ ಮೇಲೆ ಪ್ರಾಣಿ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕಾಯಿತು. ನಿಯಮ ಸರಿಯೇ, ನನಗೆ ತಕರಾರಿಲ್ಲ. ಸಮಿತಿ ಸಭೆ ಸೇರಿದರೆ ಸಾಕಿತ್ತು.

ಪಾಠ ಮಾಡುವಾಗ ಮಕ್ಕಳಿಗೆ ಕಷ್ಟವಾಗುತ್ತಿದ್ದದ್ದು ಎಕ್ಸ್‌ಟಿಂಕ್ಷನ್. ಅಂದರೆ ಕಲಿತದ್ದು ನಿಂತುಹೋಗುವುದು. ಗಂಟೆ ಬಾರಿಸಿದಾಗಲೆಲ್ಲ ಅನ್ನ ಕೊಟ್ಟರೆ ನಾಯಿ ಗಂಟೆಗೇ ಜೊಲ್ಲು ಸುರಿಸಲು ಕಲಿಯುತ್ತದೆ. ಆಮೇಲೆ ಬರೀ ಗಂಟೆ ಬಾರಿಸಿ ಅನ್ನ ಕೊಡದಿದ್ದರೆ ನಾಯಿಯ ಜೊಲ್ಲು ನಿಲ್ಲುತ್ತದೆ, ಅಂದರೆ ನೆನಪು ಆರಿಹೋಯಿತು ಅಂತ ಎಲ್ಲರೂ ಬರೆಯುತ್ತಿದ್ದರು. ಆರುವುದಿಲ್ಲ. ಬೂದಿ ಮುಚ್ಚಿದ ಕೆಂಡ ಅಷ್ಟೆ. ಸ್ವಲ್ಪ ದಿನ ಬಿಟ್ಟು ಬಾರಿಸಿದರೆ ಜೊಲ್ಲು ವಾಪಸು ಬರುತ್ತದೆ, ಈ ನಾಯಿ ಪ್ರಯೋಗ ಮಾಡಿದ ರಷ್ಯಾದ ವಿಜ್ಞಾನಿ ಪಾವ್ಲೋವ್ ಇದನ್ನು ಆಗಲೇ ನೋಡಿದ್ದರು. ಒಂದು ಪೆಟ್ಟಿಗೆಯಲ್ಲಿ ಹೆದರಲು ಕಲಿತ ಇಲಿಗೆ ಬೇರೆ ಪೆಟ್ಟಿಗೆಯಲ್ಲಿ ಹೆದರಿಕೆ ಬಿಡಿಸಿ, ಮತ್ತೆ ಮೊದಲಿನ ಪೆಟ್ಟಿಗೆಗೆ ಬಿಟ್ಟರೆ ಹೆದರಿಕೆ ಅಲ್ಲೇ ಕಾದಿರುತ್ತದೆ. ಮನಃಶಾಸ್ತ್ರಜ್ಞ ಮಾರ್ಕ್ ಬೌಟನ್ ಅವರ ಕೆಲಸ ಇದರ ಮೇಲೆಯೇ. ಇಲಿ ಕಲಿತದ್ದು "ಇನ್ನು ಶಾಕ್ ಇಲ್ಲ" ಅಂತ ಅಲ್ಲ, "ಇಲ್ಲಿ ಶಾಕ್ ಇಲ್ಲ" ಅಂತ.

ಈಗ ರಿಟೈರ್ ಆಗಿ ಊರಲ್ಲಿದ್ದೇನೆ. ತೋಟಕ್ಕೆ ಮಂಗಗಳು ಬರುತ್ತವೆ. ಗರ್ನಾಲು ಪಟಾಕಿ ಹೊಡೆದರೆ ಮೊದಲ ವಾರ ಓಡಿದವು, ಈಗ ಬಾಳೆಹಣ್ಣು ಸುಲಿಯುತ್ತ ಕೇಳುತ್ತವೆ. ಆದರೆ ಅಪ್ಪ ತೋಟಕ್ಕಿಳಿದರೆ ಸಾಕು, ಕಾಣುವ ಮೊದಲೇ ಓಡುತ್ತವೆ. ಅಮ್ಮ ಹೋದರೆ ಕ್ಯಾರೇ ಇಲ್ಲ.

"ನಿನ್ನ ಇಷ್ಟು ಓದಿನಲ್ಲಿ ಇದಕ್ಕೆ ಎಂತದೂ ಇಲ್ವಾ ಮಾರಾಯ್ತಿ?" ಅಂತ ಅಪ್ಪ.

ನಾನು ಒಂದೊಂದಾಗಿ ನೋಡುತ್ತಿದ್ದೇನೆ. ಅಪ್ಪನ ಮುಟ್ಟಾಳೆ (ಅಡಿಕೆ ಹಾಳೆಯ ಟೋಪಿ) ಇಟ್ಟುಕೊಂಡು ಅಮ್ಮ ಹೋದರು, ಮಂಗ ಕದಲಲಿಲ್ಲ. ದೊಣ್ಣೆ ಹಿಡಿದು ಹೋದರು, ಇಲ್ಲ. ಅಪ್ಪನ ಅಂಗಿ, ಅದಕ್ಕೂ ಇಲ್ಲ. ಉಳಿದಿರುವುದು ತೋಟಕ್ಕಿಳಿಯುವಾಗ ಅಪ್ಪ ಕೆಮ್ಮುವ ಕೆಮ್ಮು. ಅದೊಂದಕ್ಕೆ ಅಮ್ಮ ಒಪ್ಪುತ್ತಿಲ್ಲ.