ಹಿತ್ತಲಲ್ಲಿ ಶುಂಠಿ: ಮಳೆ ಹಿಡಿಯುವ ಮೊದಲೇ ಆಗಬೇಕಾದ ಕೆಲಸ

ಮಲೆನಾಡಿನ ಹಿತ್ತಲಲ್ಲಿ ಶುಂಠಿ ಹಾಳಾಗುವುದು ಹೆಚ್ಚಾಗಿ ಎರಡೇ ಕಾರಣಕ್ಕೆ: ಬುಡದಲ್ಲಿ ನೀರು ನಿಲ್ಲುತ್ತದೆ, ಇಲ್ಲವೇ ಬಿತ್ತನೆ ಗಡ್ಡೆಯಲ್ಲೇ ರೋಗ ಬಂದಿರುತ್ತದೆ. ಆರಿದ್ರಾ ಮಳೆಯಲ್ಲಿ ಕೊಡೆ ಹಿಡಿದು ಮದ್ದು ಹುಯ್ಯುವುದಕ್ಕಿಂತ ಮೇ ತಿಂಗಳಲ್ಲಿ ಗುದ್ದಲಿ ಹಿಡಿಯುವುದು ಲೇಸು.

1 ಮೀಟರ್ ಅಗಲ, 3 ಮೀಟರ್ ಉದ್ದದ ಒಂದು ಮಡಿ ಮನೆಖರ್ಚಿಗೆ ಧಾರಾಳ. ಶಿಕಾರಿಪುರದ ಕಡೆ 15 ಸೆಂ.ಮೀ. ಎತ್ತರ ಸಾಕು, ಹೊಸನಗರ, ಆಗುಂಬೆ ಕಡೆ 30 ಸೆಂ.ಮೀ. ಏರಿಸಿ, ಸುತ್ತ ಬಸಿಗಾಲುವೆ ತೆಗೆಯಿರಿ. ಕಾಲುವೆಯ ನೀರು ಇಳಿಜಾರಿಗೆ ಹೋಗಬೇಕು, ಅಲ್ಲೇ ಇಂಗುವಂತಿದ್ದರೆ ತೆಗೆದೂ ದಂಡ. ಹಿಂದಿನ ವರ್ಷ ಶುಂಠಿ, ಟೊಮೆಟೊ, ಬದನೆ, ಮೆಣಸಿನಕಾಯಿ ಇದ್ದ ಜಾಗ ಬೇಡ. ಸೊರಗು ರೋಗದ ಬ್ಯಾಕ್ಟೀರಿಯಾ ಆ ಮಣ್ಣಿನಲ್ಲಿ ಉಳಿದಿರಬಹುದು. ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 8–9 ಕಿಲೋ, ಬೇವಿನ ಹಿಂಡಿ 600 ಗ್ರಾಂ ಬೆರೆಸಿ.

ಬಿತ್ತನೆಗೆ ಅಂಗಡಿಯ ಅಡುಗೆ ಶುಂಠಿ ತರುವುದು ಅಗ್ಗದ ದಾರಿಯೇನೋ ಹೌದು, ಆದರೆ ಅದು ಬಲಿತದ್ದೋ ಎಳೆಯದೋ, ಯಾವ ರೋಗದ ಹೊಲದ್ದೋ ಹೇಳುವವರಿಲ್ಲ. ರೋಗವಿಲ್ಲದ ತೋಟದಲ್ಲಿ ಪೂರ್ತಿ ಬಲಿತ ಗಡ್ಡೆಯನ್ನೇ ಕೇಳಿ ತನ್ನಿ. ಒಂದೆರಡು ಕಣ್ಣಿರುವಂತೆ 20–25 ಗ್ರಾಂ ತುಂಡು ಮುರಿದರೆ ಈ ಮಡಿಗೆ 48 ತುಂಡು, ಸುಮಾರು 1.2 ಕಿಲೋ ಬೇಕು. ಲೀಟರ್ ನೀರಿಗೆ 3 ಗ್ರಾಂ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಕದಡಿ, ತುಂಡುಗಳನ್ನು ಅರ್ಧ ಗಂಟೆ ನೆನೆಸಿ, ನೆರಳಲ್ಲಿ ಆರಿಸಿ. ಕೈಗವಸು ಮರೆಯಬೇಡಿ.

25 ಸೆಂ.ಮೀ. ಅಂತರದಲ್ಲಿ, 4–5 ಸೆಂ.ಮೀ. ಆಳದಲ್ಲಿ, ಕಣ್ಣು ಮೇಲಾಗಿಟ್ಟು ನೆಡಿ. ಕೂಡಲೇ ಹಸಿ ಸೊಪ್ಪು ಹೊದೆಸಿ. ಸೊಪ್ಪಿಲ್ಲದ ಮಡಿಯಲ್ಲಿ ಮಳೆಹನಿಯ ಹೊಡೆತಕ್ಕೆ ಮಣ್ಣು ಕೊಚ್ಚಿ ಗಡ್ಡೆ ಹೊರಗೆ ಬೀಳುತ್ತದೆ. 45 ಮತ್ತು 90ನೇ ದಿನ ಕಳೆ ಕಿತ್ತು, ಮಣ್ಣು ಏರಿಸಿ, ಮತ್ತೆ ಸೊಪ್ಪು ಹಾಕಿ, ದರಕು, ಅಂದರೆ ಒಣಗಿದ ಎಲೆಯಾದರೂ ನಡೆಯುತ್ತದೆ. ಅಡಿಕೆ ಮರದ ಬುಡಕ್ಕಿಂತ ಬದಿಯ ತೆಳು ನೆರಳು ಒಳ್ಳೆಯದು.

ಜುಲೈ-ಆಗಸ್ಟ್‌ನಲ್ಲಿ ದಿನಕ್ಕೊಮ್ಮೆ ಮಡಿ ನೋಡಿ. ಕೆಳಗಿನ ಎಲೆಗಳು ತುದಿಯಿಂದ ಹಳದಿಯಾಗಿ, ಕಾಂಡ ಎಳೆದ ತಕ್ಷಣ ಕೈಗೆ ಬಂದು, ಬುಡ ಮೆತ್ತಗಾಗಿ ನಾರಿದರೆ ಅದು ಕೊಳೆರೋಗ. ಎಲೆ ಹಸಿರಿರುವಾಗಲೇ ಸುರುಳಿ ಸುತ್ತಿ ಬಾಡಿದರೆ ಸೊರಗು ರೋಗದ ಗುಮಾನಿ: ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಲ್ಲಿ ಅದ್ದಿ ಹಿಡಿಯಿರಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಇಳಿದರೆ ಅನುಮಾನ ಬೇಡ. ಯಾವುದೇ ಆದರೂ ಬುಡವನ್ನು ಮಣ್ಣಿನ ಸಮೇತ ಕಿತ್ತು ದೂರ ಹಾಕಿ, ಗೊಬ್ಬರದ ಗುಂಡಿಗೆ ಮಾತ್ರ ಬೇಡ. ಬುಡ ಕಿತ್ತ ಜಾಗಕ್ಕೆ ಮತ್ತು ಸುತ್ತಲ ಗಿಡಗಳ ಬುಡಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಮದ್ದು ಕದಡಿ ಹುಯ್ಯಿರಿ. ಕೊಳೆರೋಗ ಇದರಿಂದ ಹತೋಟಿಗೆ ಬರಬಹುದು. ಸೊರಗಿಗೆ ಆ ಭರವಸೆ ಕಡಿಮೆ, ಕಿತ್ತು ಹಾಕುವುದೇ ಮುಖ್ಯ.

ತಂಬುಳಿಗೆ, ಉಪ್ಪಿನಕಾಯಿಗೆ ಆರನೇ ತಿಂಗಳಲ್ಲೇ ನಾರಿಲ್ಲದ ಗಡ್ಡೆ ಸಿಗುತ್ತದೆ. ಬಿತ್ತನೆಗಾದರೆ ಎಂಟು ತಿಂಗಳು ದಾಟಿ ಎಲೆ ಪೂರ್ತಿ ಒಣಗಲಿ. ಗಾಯವಾಗದ ಗಡ್ಡೆಗಳನ್ನು ಆರಿಸಿ, ನೆರಳಿನ ಗುಂಡಿಯಲ್ಲಿ ಒಣ ಮರಳಿನ ಪದರದ ನಡುವೆ ಇಟ್ಟು, ಮೇಲೆ ಗಾಳಿಗೆ ಜಾಗ ಬಿಟ್ಟು ಹಲಗೆ ಮುಚ್ಚಿ. ಮೂರು ವಾರಕ್ಕೊಮ್ಮೆ ತೆಗೆದು ನೋಡಿ, ಮೆತ್ತಗಾದದ್ದನ್ನು ಆರಿಸಿ ಎಸೆಯಿರಿ.